ಒಂದೇ ಸಲದ ಅರ್ಜಿ

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ವಾಚ್‌ಮನ್ ಮೊಬೈಲ್ ಹಿಡಿದು ಮನೆಗೆ ಬಂದರು. ಯಾದಗಿರಿ ಕಡೆಯವರು, ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಮಗಳು ಇಲ್ಲಿನ ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ಐದನೇ ತರಗತಿ. ನಾನು ನವೋದಯದಲ್ಲಿ ಓದಿದವನು ಎಂಬುದು ಅವರಿಗೆ ಹೇಗೋ ಗೊತ್ತಾಗಿತ್ತು.

"ಸರ್ರ, ನೀವು ಓದಿದ ಸಾಲಿಗಿ ನಮ್ಮ ಹುಡುಗೀದು ಫಾರಂ ತುಂಬಬೇಕ್ರಿ. ಊರಿನ ಅಡ್ರೆಸ್ ಹಾಕ್ರಿ, ಹಳ್ಳಿ ಕೋಟಾದಾಗ ಲಗೂನ ಸೀಟ್ ಸಿಗ್ತದ ಅಂತ ಊರಾಗ ಎಲ್ಲಾರೂ ಹೇಳ್ಯಾರ್ರಿ."

ಅದರಲ್ಲೇನು ಕಷ್ಟ ಎಂದು ಕುಳಿತೆ. ಜಿಲ್ಲೆಯ ಜಾಗದಲ್ಲಿ ಯಾದಗಿರಿ ಎಂದು ಆರಿಸಿದೆ, ಅರ್ಧ ಫಾರಂ ತುಂಬಿದೆ. ಶಾಲೆಯ ಪ್ರಮಾಣಪತ್ರ ಇಲ್ಲದ್ದರಿಂದ ಅಲ್ಲಿಗೇ ನಿಂತಿತು. ಆ ಪ್ರಮಾಣಪತ್ರ ನಮ್ಮನ್ನು ಉಳಿಸಿತು ಎಂದೇ ಹೇಳಬೇಕು. ರಾತ್ರಿ ವಿವರಣಾ ಪುಸ್ತಿಕೆಯನ್ನು ಮೊದಲಿನಿಂದ ಓದಿದಾಗ ನನ್ನ ಮೈ ಬೆವರಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಜವಾಹರ್ ನವೋದಯ ವಿದ್ಯಾಲಯಗಳು ಕೇಂದ್ರ ಸರ್ಕಾರದ ವಸತಿ ಶಾಲೆಗಳು. ಹಳ್ಳಿಯ ಜಾಣ ಮಕ್ಕಳಿಗೆ ದುಡ್ಡಿನ ಚಿಂತೆಯಿಲ್ಲದೆ ಒಳ್ಳೆಯ ಓದು ಸಿಗಲಿ ಎಂದು ಜಿಲ್ಲೆಗೊಂದರಂತೆ ಶುರುವಾದವು. 1985–86ರಲ್ಲಿ ಮೊದಲ ಎರಡು ಶಾಲೆಗಳು ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ತೆರೆದವು. ಆರರಿಂದ ಹನ್ನೆರಡನೇ ತರಗತಿಯವರೆಗೆ ಓದು, ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಅಲ್ಲಿಯೇ. ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಕನಿಷ್ಠ ಶೇ. 75 ಹಳ್ಳಿ ಮಕ್ಕಳಿಗೆ, ಒಟ್ಟಿನಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಅರ್ಜಿಗೆ ಶುಲ್ಕವಿಲ್ಲ.

ಇನ್ನು ನಮ್ಮಂಥ ವಲಸಿಗರು ಎಡವುವ ಜಾಗ.

ಮೊದಲನೆಯದು, ಮಗು ಐದನೇ ತರಗತಿಯನ್ನು ಯಾವ ಜಿಲ್ಲೆಯಲ್ಲಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ತಂದೆತಾಯಿಯ ವಾಸದ ದಾಖಲೆಯೂ ಅದೇ ಜಿಲ್ಲೆಯದಾಗಿರಬೇಕು. ಓದು ಪುಣೆಯಲ್ಲಿ, ವಿಳಾಸ ಯಾದಗಿರಿಯಲ್ಲಿ ಎಂದರೆ ನಡೆಯದು. ಪರೀಕ್ಷೆಯಲ್ಲಿ ಪಾಸಾದರೂ ದಾಖಲೆ ನೋಡುವ ದಿನ ವಾಪಸ್ ಕಳಿಸುತ್ತಾರೆ.

ಎರಡನೆಯದು, ಹಳ್ಳಿ ಕೋಟಾ ಬೇಕಾದರೆ ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಕಲಿತಿದ್ದರೂ ಆ ಮಗು ನಗರದ ಲೆಕ್ಕಕ್ಕೆ.

ಮೂರನೆಯದು, ಆರನೇ ತರಗತಿಯ ಈ ಪರೀಕ್ಷೆಗೆ ಒಂದು ಮಗು ಒಂದೇ ಸಲ ಕೂರಬಹುದು. ಅಂದರೆ ನಾನು ಆ ಭಾನುವಾರ 'ಸಬ್ಮಿಟ್' ಒತ್ತಿ, ಹುಡುಗಿ ಹೋಗಿ ಪರೀಕ್ಷೆ ಬರೆದುಬಂದಿದ್ದರೆ, ಅವಳ ಒಂದೇ ಅವಕಾಶ ನನ್ನ ಅವಸರಕ್ಕೆ ಹೋಗುತ್ತಿತ್ತು. ನನ್ನ ಕಾಲದಲ್ಲಿ ನಮ್ಮ ಹಳ್ಳಿಯ ಮೇಷ್ಟ್ರೇ ಎಲ್ಲ ತುಂಬಿದ್ದರು. ನಾನು ನವೋದಯದಲ್ಲಿ ಓದಿದ್ದೆ, ಅದರ ನಿಯಮ ಓದಿರಲಿಲ್ಲ.

ಮರುದಿನ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸಣ್ಣಾವ ಎರಡನೇತ್ತ ಅದಾನ್ರಿ. ಅವನ್ನ ಈಗಲೇ ಊರಿಗಿ ಕಳಿಸಿದ್ರ?" ಎಂದರು. ಲೆಕ್ಕ ಸರಿಯಾಗಿತ್ತು. ಮೂರನೇ ತರಗತಿಯಿಂದ ಅಜ್ಜಿಯ ಹತ್ತಿರ ಬಿಟ್ಟರೆ ಹಳ್ಳಿ ಕೋಟಾ ಸಿಗುತ್ತದೆ. ಆದರೆ ಅಪ್ಪ ಅಮ್ಮ ಪುಣೆಯಲ್ಲೇ ಇದ್ದರೆ ವಾಸದ ದಾಖಲೆಯ ಪ್ರಶ್ನೆ ಮತ್ತೆ ಏಳುತ್ತದೆ. ನಾನು ಇದನ್ನು ವಿವರಿಸುವ ಮೊದಲೇ ಪಕ್ಕದಲ್ಲಿದ್ದ ಅವರ ಹೆಂಡತಿ ಹೇಳಿದರು: "ನಾವು ಊರು ಬಿಟ್ಟು ಬಂದಿದ್ದೇ ಇವರ ಸಲುವಾಗಿ. ಇವರನ್ನೇ ಅಲ್ಲಿ ಬಿಟ್ಟು ಇಲ್ಲಿ ಯಾರ ಸಲುವಾಗಿ ದುಡಿಯೋದು?"

ನನಗೂ ಹಾಗೇ ಅನಿಸುತ್ತದೆ. ಹತ್ತು ವರ್ಷಕ್ಕೆ ಮನೆ ಬಿಟ್ಟು ಹಾಸ್ಟೆಲಿಗೆ ಹೋಗುವುದೇನು ಅಂತ ನನಗೆ ಗೊತ್ತು. ಮೊದಲ ತಿಂಗಳು ರಾತ್ರಿ ಹೊದಿಕೆಯೊಳಗೆ ಅಳದ ಹುಡುಗ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ದೊಡ್ಡದು, ಒಪ್ಪುತ್ತೇನೆ. ಆದರೆ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲದ ಸೀಟಿಗಾಗಿ ಏಳು ವರ್ಷದ ಮಗುವನ್ನು ಮೂರು ವರ್ಷ ದೂರ ಇಡಬೇಡಿ ಎಂದೇ ನನ್ನ ಸಲಹೆ.

ಉಳಿದದ್ದು ಪುಣೆ ಜಿಲ್ಲೆ, ನಗರದ ಪಾಲು. ಸೊಸೈಟಿ ಕೊಟ್ಟ ಕೋಣೆಗೆ ಕರಾರುಪತ್ರ ಇರಲಿಲ್ಲ, ಆಧಾರ್ ಊರಿನದು. ಕಾರ್ಯದರ್ಶಿಯನ್ನು ಒಪ್ಪಿಸಿ ಕಾಗದ ಮಾಡಿಸಿ ವಿಳಾಸ ಬದಲಿಸಲು ಮೂರು ವಾರ ಓಡಾಡಿದೆವು. ವಿಳಾಸ ಬದಲಾದರೆ ಊರಿನ ರೇಷನ್ ತಪ್ಪುತ್ತದೆ ಎಂಬ ಭಯ ಅವರಿಗೆ. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಊರಿನ ಕಾರ್ಡಿಗೆ ಇಲ್ಲಿಯೂ ಧಾನ್ಯ ಪಡೆಯಬಹುದು ಎಂದು ತೋರಿಸಿದ ಮೇಲೆಯೇ ಸಮಾಧಾನ.

ಕೊನೆಗೆ ಪರೀಕ್ಷೆಯ ಭಾಷೆ. ಅಪ್ಪನಿಗೆ ಕನ್ನಡವೇ ಇರಲಿ ಎಂದು ಆಸೆ. ಹುಡುಗಿ ಮನೆಯಲ್ಲಿ ಚೆಂದದ ಕನ್ನಡ ಮಾತಾಡುತ್ತಾಳೆ, ಆದರೆ ಓದುವುದು ಬರೆಯುವುದು ಮರಾಠಿ. ಎರಡು ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ. ಆಕೃತಿಗಳ ಬೌದ್ಧಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಆ ಕೊನೆಯ 25 ಪೂರ್ತಿ ಗದ್ಯಭಾಗ ಓದಿ ಉತ್ತರಿಸುವುದು. ಗಣಿತದ ಲೆಕ್ಕ ಅರ್ಥವಾಗಲೂ ಓದು ಬೇಕು. "ನನಗ ಮರಾಠಿ ಲಗೂ ಓದಾಕ ಬರ್ತದ, ಅಂಕಲ್," ಎಂದು ಅವಳೇ ತೀರ್ಮಾನ ಹೇಳಿದಳು. ಮರಾಠಿ ಎಂದು ಗುರುತು ಹಾಕುವಾಗ ನನ್ನ ಬೆರಳು ಒಂದು ಕ್ಷಣ ನಿಂತಿದ್ದು ನಿಜ. ಆದರೆ ಪರೀಕ್ಷೆ ಅವಳದು, ನನ್ನ ಅಭಿಮಾನದ್ದಲ್ಲ.

ಈ ವರ್ಷ ಅರ್ಜಿ ಹಾಕುವವರು ನಾಲ್ಕನೇ ತರಗತಿಯ ಕೊನೆಗೇ ವಾಸದ ದಾಖಲೆ ಸರಿಮಾಡಿಕೊಳ್ಳಿ. ಮುಖ್ಯೋಪಾಧ್ಯಾಯರ ಸಹಿಯ ಪ್ರಮಾಣಪತ್ರ, ಮಗುವಿನ ಫೋಟೋ, ಮಗು ಮತ್ತು ಪೋಷಕರ ಸಹಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹುಟ್ಟಿದ ದಿನಾಂಕದ ಮಿತಿ ಪ್ರತಿವರ್ಷ ನೋಡಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಮಗುವಿಗೆ ಹೇಳಿ. ಚೆನ್ನೈ ಓದುಗರ ಗಮನಕ್ಕೆ: ತಮಿಳುನಾಡಿನಲ್ಲಿ ನವೋದಯ ಇಲ್ಲ. ಪೂರ್ತಿ ನಗರವೇ ಆದ ಮುಂಬಯಿಯಲ್ಲೂ ಇಲ್ಲ.

ಆ ಚಳಿಗಾಲವೆಲ್ಲ ಗೇಟಿನ ಮೇಜಿನ ಮೇಲೆ, ಸಂದರ್ಶಕರ ರಿಜಿಸ್ಟರಿನ ಪಕ್ಕ, ಆಕೃತಿಗಳ ಪುಸ್ತಕ ಇರುತ್ತಿತ್ತು. ಆಫೀಸಿನಿಂದ ಬಂದವನು ದಿನಕ್ಕೆ ನಾಲ್ಕು ಪ್ರಶ್ನೆ ಮಾಡಿಸುತ್ತಿದ್ದೆ. ಫಲಿತಾಂಶ ಬಂದಾಗ ಅವಳ ಹೆಸರಿರಲಿಲ್ಲ. ನಗರದ ಪಾಲು ಅಷ್ಟು ಕಿರಿದು.

ಅಪ್ಪನಿಗಿಂತ ಅವಳೇ ಬೇಗ ಚೇತರಿಸಿಕೊಂಡಳು. ಎಂಟನೇ ತರಗತಿಗೆ ಬಂದಾಗ ಒಂಬತ್ತನೆಯ ಖಾಲಿ ಸೀಟುಗಳಿಗೆ ನವೋದಯ ಇನ್ನೊಂದು ಪರೀಕ್ಷೆ ನಡೆಸುತ್ತದೆ. ಸರ್ಕಾರಿ ಶಾಲೆಯ ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಪರೀಕ್ಷೆಯೂ ಇದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಇದನ್ನು ಅವಳಿಗೆ ಹೇಳಿದ್ದೇನೆ. ಈ ಸಲ ನಿಯಮಗಳನ್ನು ಮೊದಲೇ ಓದಿಟ್ಟಿದ್ದೇನೆ ಎಂದೂ ಹೇಳಿದ್ದೇನೆ.

ಭಾನುವಾರ ಈಗಲೂ ಬರುತ್ತಾಳೆ. ಒಂದು ಗಂಟೆ ಗಣಿತ, ಆಮೇಲೆ ಅರ್ಧ ಗಂಟೆ ಕನ್ನಡ ಅಕ್ಷರ. ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ. ಅಜ್ಜಿಗೆ ತಾನೇ ಕಾಗದ ಬರೆಯಬೇಕಂತೆ.