ಹಳೆಯ ಬಯಾಸ್ ಕಡತಗಳನ್ನು ಅಳಿಸಬೇಡಿ

ಮಳೆಗಾಲ ಮುಗಿಯುತ್ತಿದ್ದಂತೆ ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನಂಥವರ ಬಳಿ ಹಳೆಯ ಸಿಪಿಯುಗಳು ಸಾಲುಗಟ್ಟುತ್ತವೆ. ದೂರು ಹೆಚ್ಚುಕಮ್ಮಿ ಒಂದೇ: ‘ಹಾರ್ಡ್‌ಡಿಸ್ಕ್ ತೋರಿಸ್ತಾ ಇಲ್ಲ.’ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ತುಮರಿ, ಬ್ಯಾಕೋಡು ಕಡೆಯವರು ಸಿಪಿಯುವನ್ನು ಲಾಂಚಿನಲ್ಲಿಟ್ಟುಕೊಂಡು ಶರಾವತಿ ಹಿನ್ನೀರು ದಾಟಿ ತರುತ್ತಿದ್ದರು. ಅಂಥವರಿಗೆ ‘ಹಳೇದಾಯ್ತು, ಹೊಸದು ತಗೊಳ್ಳಿ’ ಎಂದು ಹೇಳಿ ಕಳಿಸುವುದು ಅನ್ಯಾಯ. ಆ ಪೆಟ್ಟಿಗೆಯಲ್ಲಿ ಪೇಜ್‌ಮೇಕರ್, ನುಡಿ ತಂತ್ರಾಂಶಗಳಲ್ಲಿ ಮಾಡಿದ ವರ್ಷಗಳ ಕೆಲಸ ಇರುತ್ತದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಜಮೀನು ಕಳೆದುಕೊಂಡ ಮನೆತನವಾದರೆ ಸ್ಕ್ಯಾನ್ ಮಾಡಿಟ್ಟ ಮುಳುಗಡೆಯ ಕಾಗದಪತ್ರಗಳೂ ಇರುತ್ತವೆ.

ಡಿಸ್ಕ್ ಸತ್ತಿದೆ ಎನ್ನುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ. ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ, ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ಕೆಲವು ಡಿಸ್ಕುಗಳ ಅಡಿಯ ಹಸಿರು ಬೋರ್ಡ್ ಬಿಚ್ಚಿದರೆ, ಒಳಗಿನ ಭಾಗಕ್ಕೆ ತಾಗುವ ಪುಟ್ಟ ಬಿಂದುಗಳು ನಮ್ಮ ಮಲೆನಾಡಿನ ತೇವಕ್ಕೆ ಕಪ್ಪಾಗಿರುತ್ತವೆ. ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಹೊಳಪು ಬರುತ್ತದೆ, ಎಷ್ಟೋ ಸಲ ಡಿಸ್ಕೂ ಕಾಣಿಸಿಕೊಳ್ಳುತ್ತದೆ. ಇನ್ನೊಂದು, ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್. ಅದು ಮುಗಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ನಲ್ಲಿ, ಡಿಸ್ಕಿನೊಡನೆ ಮಾತಾಡುವ ವಿಧಾನ ಎಎಚ್‌ಸಿಐ ಇದ್ದದ್ದು ಐಡಿಇಗೆ ತಿರುಗಿಬಿಡಬಹುದು. ಆಗ ಡಿಸ್ಕ್ ಕಂಡರೂ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಸೆಲ್ ಹಾಕಿ ಒಂದು ಸಾಲು ತಿದ್ದಿದರೆ ಮುಗಿಯುವ ಕೆಲಸಕ್ಕೆ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ. ಅದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಡಿಸ್ಕ್ ಏಳದೆ, ಅದರ ಬದಲು ಹಾಕಿದ ಹೊಸ ಎಸ್‌ಎಸ್‌ಡಿ ಹಳೆಯ ಬೋರ್ಡಿಗೆ ಕಾಣದಿದ್ದರೆ ಮಾತ್ರ ಬಯಾಸ್ ಅಪ್‌ಡೇಟ್. ಹೊಸ ಬಯಾಸ್ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡೇ ಏಳುವುದಿಲ್ಲ. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹರಿಯುತ್ತದೆ. ಆದರೆ ಲಿಂಗನಮಕ್ಕಿ ಜಲಾಶಯ ತನ್ನ ಪೂರ್ಣ ಮಟ್ಟವಾದ 1819 ಅಡಿಯತ್ತ ಏರುವ ದಿನಗಳಲ್ಲೇ ಇಲ್ಲಿ ತಂತಿಯ ಮೇಲೆ ಮರ ಬಿದ್ದು ಊರಿಗೂರೇ ಕತ್ತಲಾಗುತ್ತದೆ. ಗಟ್ಟಿ ಬ್ಯಾಟರಿಯ ಯುಪಿಎಸ್ ಇಲ್ಲದೆ ನಾನು ಬಯಾಸ್ ಮುಟ್ಟುವುದಿಲ್ಲ.

ನನ್ನ ಮುಖ್ಯ ತಕರಾರು ಬೇರೆ. ಯುಪಿಎಸ್ ಇದೆ, ಕೈಗೆ ಕೆಲಸ ಗೊತ್ತಿದೆ, ಆದರೆ ಬರೆಯಬೇಕಾದ ಕಡತವೇ ಸಿಗದಿದ್ದರೆ? ಡೆಸ್ಕ್‌ಟಾಪ್ ಮದರ್‌ಬೋರ್ಡ್ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಇಂಟೆಲ್ 2013ರಲ್ಲಿ ಹೇಳಿತು; 2019ರ ನವೆಂಬರಿನಲ್ಲಿ ಹಳೆಯ ಬೋರ್ಡುಗಳ ಬಯಾಸ್ ಮತ್ತು ಡ್ರೈವರ್ ಕಡತಗಳನ್ನು ತನ್ನ ತಾಣದಿಂದ ತೆಗೆಯಿತು. ಆ ಬೋರ್ಡುಗಳು ನಮ್ಮ ಕಡೆ ಇನ್ನೂ ದುಡಿಯುತ್ತಿವೆ. ಈಗ ಕಡತ ಬೇಕೆಂದರೆ ಯಾರೋ ಎಲ್ಲೋ ಏರಿಸಿಟ್ಟಿದ್ದನ್ನು ಹುಡುಕಬೇಕು. ಅದರೊಳಗೆ ಏನು ಸೇರಿಸಿದ್ದಾರೋ, ಯಾರನ್ನು ಕೇಳುವುದು?

ಕಡತ ಎಷ್ಟು ಮುಖ್ಯ ಎಂಬುದಕ್ಕೆ 2009ರ ಜನವರಿಯ ಪ್ರಕರಣವಿದೆ. ಸೀಗೇಟ್‌ನ ಬರಾಕುಡಾ 7200.11 ಡಿಸ್ಕುಗಳು ಫರ್ಮ್‌ವೇರ್ ಎಂಬ ಒಳತಂತ್ರಾಂಶದ ದೋಷದಿಂದ ಇದ್ದಕ್ಕಿದ್ದಂತೆ ಬಯಾಸ್‌ಗೆ ಕಾಣದಾದವು. ಒಳಗಿನ ಮಾಹಿತಿ ಹಾಗೇ ಇತ್ತು. ಕಂಪನಿ ಕೊಟ್ಟ ಮೊದಲ ತಿದ್ದುಪಡಿಯೇ ಕೆಲವು ಡಿಸ್ಕುಗಳಿಗೆ ತೊಂದರೆ ಮಾಡಿ, ಅದನ್ನು ಮತ್ತೆ ಸರಿಪಡಿಸಬೇಕಾಯಿತು. ತಯಾರಕರೇ ಕೊಡುವ ಕಡತ ಕೈಗೆ ಸಿಗುವಂತಿದ್ದರೆ ಮಾತ್ರ ಇಂಥದ್ದಕ್ಕೆ ಮದ್ದುಂಟು.

ಐರೋಪ್ಯ ಒಕ್ಕೂಟ 2019ರ ನಿಯಮದಲ್ಲಿ, ಸರ್ವರ್‌ಗಳ ಫರ್ಮ್‌ವೇರ್ ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ 8 ವರ್ಷ ಸಿಗಬೇಕು ಎಂದು ಕಟ್ಟುಮಾಡಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆದಿದೆ. ಮನೆ, ಶಾಲೆ, ಸೊಸೈಟಿಗಳ ಕಂಪ್ಯೂಟರಿಗೂ ಐರೋಪ್ಯ ಒಕ್ಕೂಟದಂಥ ಕಟ್ಟುಪಾಡು ಇಲ್ಲಿ ಬರಲಿ. 8 ವರ್ಷ ಸಾಲದು, 15 ವರ್ಷವಾದರೂ ಬೇಕು. ಹೊಸ ಮಾದರಿ ಮಾರುವ ಪರವಾನಗಿಗೇ ಆ ಷರತ್ತನ್ನು ಸೇರಿಸಬಹುದು. ಅಲ್ಲಿಯವರೆಗೆ, ನಿಮ್ಮ ಯಂತ್ರ ಚೆನ್ನಾಗಿರುವಾಗಲೇ ಮದರ್‌ಬೋರ್ಡಿನ ಮಾದರಿ ಸಂಖ್ಯೆ ಬರೆದಿಟ್ಟುಕೊಂಡು, ತಯಾರಕರ ತಾಣದಿಂದ ಬಯಾಸ್ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಿ.