ಸಕ್ಕರೆ ಕೇಳಿದವರಿಗೆ ಮಾತ್ರ ಹಾಕಿ

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲೊಂದು ಕಾಫಿ ಮಷೀನ್. ಬಟನ್ ಒತ್ತಿದರೆ ಹಾಲಿನ ಪುಡಿ, ಕಾಫಿ, ಸಕ್ಕರೆ ಮೂರೂ ಬೆರೆತೇ ಬೀಳುತ್ತಿತ್ತು. ಸಕ್ಕರೆ ಬೇಡ ಎನ್ನುವುದಕ್ಕೆ ಬಟನ್ನೇ ಇರಲಿಲ್ಲ. ಪಕ್ಕದ ಗೋಡೆಯಲ್ಲಿ ಎಚ್‌ಆರ್‌ನವರ ಪೋಸ್ಟರ್: ಮನಸ್ಸು ಗಟ್ಟಿ ಮಾಡಿ, ಸಿಹಿ ಬಿಡಿ. ನನ್ನ ತಕರಾರು ಈ ಪೋಸ್ಟರಿನ ಮೇಲೆ.

ನಾನು ಮಂಡ್ಯದವನು. ಮೈಷುಗರ್ ಕಾರ್ಖಾನೆಯ ಊರು, ಕಬ್ಬು ಅರೆಯುವ ಕಾಲದಲ್ಲಿ ಗಾಳಿಗೂ ಸಿಹಿ ವಾಸನೆ. ನುಂಗಂಬಾಕ್ಕಂಗೆ ಬಂದು ಹನ್ನೊಂದು ವರ್ಷವಾಯಿತು. ಕಳೆದ ವರ್ಷ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೆ. ಅಪ್ಪ ಒಳಗೆ ಹೋಗಿ ಒಂದು ಕಾಲ್ಬೆರಳು ಕಳೆದುಕೊಂಡವರು.

ಇಲ್ಲೇ ಹತ್ತಿರದ ಗೋಪಾಲಪುರದಲ್ಲಿರುವ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್, ಐಸಿಎಂಆರ್ ಜೊತೆ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಇಷ್ಟೂ ಜನರ ಮನಸ್ಸು ಒಟ್ಟಿಗೇ ಸಡಿಲವಾಯಿತೇ?

ಮಷೀನಿಗೆ ಸುರಿಯುವ ಪ್ಯಾಕೆಟ್ಟಿನ ಬೆನ್ನು ಓದಿದೆ. ಕಪ್ಪಿಗೆ ಸುಮಾರು ಹತ್ತು ಗ್ರಾಂ ಸಕ್ಕರೆ. ನನ್ನದು ದಿನಕ್ಕೆ ನಾಲ್ಕು ಕಪ್, ಅಂದರೆ 40 ಗ್ರಾಂ. ದಿನಕ್ಕೆ 25 ಗ್ರಾಮಿನ ಆಸುಪಾಸಿಗೆ ಇಳಿಸಿದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಸಿಹಿ ತಿಂಡಿಯ ಡಬ್ಬಿ ಮುಟ್ಟುವ ಮೊದಲೇ ನನ್ನ ಲೆಕ್ಕ ಮೀರಿತ್ತು.

ಸಾಫ್ಟ್‌ವೇರಿನಲ್ಲಿ ಡಿಫಾಲ್ಟ್ ಸೆಟ್ಟಿಂಗ್ ತಪ್ಪಿದ್ದರೆ ನಾವು ಬಳಕೆದಾರನಿಗೆ ಬುದ್ಧಿ ಹೇಳುವುದಿಲ್ಲ, ಸೆಟ್ಟಿಂಗ್ ಬದಲಿಸುತ್ತೇವೆ. ಅಡ್ಮಿನ್‌ನವರ ಬೆನ್ನು ಹತ್ತಿ ಸಕ್ಕರೆಯಿಲ್ಲದ ಪುಡಿ ತರಿಸಿದೆ. ಸಕ್ಕರೆ ಪೊಟ್ಟಣಗಳು ಡ್ರಾಯರಿಗೆ ಹೋದವು. ಸಕ್ಕರೆ ತಿನ್ನುವುದು ನಮ್ಮ ಸ್ವಾತಂತ್ರ್ಯ ಎಂದರು ಒಬ್ಬರು. ಹೌದು ಸ್ವಾಮಿ, ಡ್ರಾಯರಿಗೆ ಬೀಗ ಹಾಕಿಲ್ಲವಲ್ಲ!

ಸುಲಭವಾಗಿತ್ತು ಅಂತ ಸುಳ್ಳು ಹೇಳಲಾರೆ. ಮೊದಲ ಹತ್ತು ದಿನ ನಾಲ್ಕು ಗಂಟೆಯಾದರೆ ತಲೆನೋವು. ಮೀಟಿಂಗಿನಲ್ಲಿ ಒಬ್ಬ ಹುಡುಗನ ಮೇಲೆ ಸುಮ್ಮನೆ ರೇಗಿ ಆಮೇಲೆ ಕ್ಷಮೆ ಕೇಳಿದೆ. ಮಧ್ಯಾಹ್ನದ ಅನ್ನದ ಗುಡ್ಡ ಅರ್ಧ ಮಾಡಿ ಸಂಜೆಗೆ ಕಡಲೆ ಸುಂಡಲ್ ಇಟ್ಟುಕೊಂಡ ಮೇಲೆ ತಡೆದುಕೊಳ್ಳಬಹುದಾಯಿತು. ಮೂರನೇ ವಾರ ಎಳನೀರೇ ಸಿಹಿ ಅನ್ನಿಸಿತು. ರಿಲೀಸ್ ಇರುವ ರಾತ್ರಿ ಹನ್ನೊಂದಕ್ಕೆ ಈಗಲೂ ಬರ್ಫಿ ನೆನಪಾಗುತ್ತದೆ. ಮನೆಯಲ್ಲಿ ತಂದಿಟ್ಟಿರುವುದಿಲ್ಲ, ಅಷ್ಟೇ.

ಇನ್ನು ನಮ್ಮವರ ಬೆಲ್ಲದ ಭಕ್ತಿ. “ಬೆಲ್ಲ ಏನೂ ಮಾಡಲ್ಲ ಕಣಪ್ಪ” ಅಂತ ಅಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ. ಆಲೆಮನೆಯ ಬೆಲ್ಲ ನನಗೂ ಪ್ರಾಣ. ಆದರೆ ಅದರಲ್ಲಿರುವುದೂ ಬಹುಪಾಲು ಅದೇ ಸುಕ್ರೋಸ್. ಚಿಟಿಕೆ ಕಬ್ಬಿಣಾಂಶದ ನೆಪ ಹೇಳಿ ಅದನ್ನು ಔಷಧಿ ಮಾಡುವುದು ಬೇಡ.

ಬೀದಿಯ ಕಥೆ ಇನ್ನೂ ಬೇರೆ. ಸ್ಟರ್ಲಿಂಗ್ ರಸ್ತೆಯ ಟೀ ಅಂಗಡಿಯಲ್ಲಿ “ಶಕ್ಕರೈ ಇಲ್ಲಾಮ ಒರು ಕಾಫಿ” ಎಂದರೆ ಮಾಸ್ಟರ್ ಅಲ್ಲಿಂದಲೇ “ಶುಗರಾ ಸಾರ್?” ಎಂದು ಕೂಗುತ್ತಾರೆ. ಬೆಂಚಿನವರೆಲ್ಲ ತಿರುಗಿ ಅನುಕಂಪದಿಂದ ನೋಡುತ್ತಾರೆ. ಸಕ್ಕರೆ ಬೇಡ ಅನ್ನಲು ಮೊದಲು ಕಾಯಿಲೆ ಬರಬೇಕು! ಮನೆಗೆ ಬಂದವರಿಗೆ ಕಾಫಿ ಕೊಡುವಾಗ ನಾವೂ ಹೀಗೇ ಅಲ್ಲವೇ? ಈಗ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ, ಚಮಚ ಬೇರೆ ಬರುತ್ತವೆ. ಮಾವನವರಿಗೆ ಇದಿನ್ನೂ ಮರ್ಯಾದೆಗೇಡಿನ ವಿಷಯ.

ಪೋಸ್ಟರ್ ಈಗಲೂ ಗೋಡೆಯ ಮೇಲಿದೆ. ತೆಗೆಸಲು ಮೂರು ಮೇಲ್ ಹಾಕಿದ್ದೇನೆ.