ಗೋದಾವರಿ ದಂಡೆಯ ಪಿಸುಮಾತು

ಟಿಎಂಸಿ ಎಂಬ ಪದವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನಮಗೆ ಅದನ್ನು ಕಲಿಸಿದೆ. ಆದರೆ ಮಹಾರಾಷ್ಟ್ರದ ಒಳಗೇ ಅಂಥದ್ದೊಂದು ಜಗಳ ವರ್ಷಗಳಿಂದ ನಡೆದಿದೆ ಎಂಬುದು ಪುಣೆ, ಮುಂಬೈಯಲ್ಲಿರುವ ನಮ್ಮವರಲ್ಲೂ ಹಲವರ ಗಮನಕ್ಕೆ ಬಂದಿರಲಿಕ್ಕಿಲ್ಲ. ಒಂದು ಕಡೆ ನಾಸಿಕ್, ಇನ್ನೊಂದು ಕಡೆ 2023ರವರೆಗೂ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರ. ನಡುವೆ ಗೋದಾವರಿ. ಕವಿರಾಜಮಾರ್ಗದ ಕಾಲಕ್ಕೆ ಕನ್ನಡನಾಡಿನ ಬಡಗಣ ಗಡಿ ಎನಿಸಿಕೊಂಡಿದ್ದ ಅದೇ ಹೊಳೆ.

ತ್ರ್ಯಂಬಕೇಶ್ವರದ ಬೆಟ್ಟದಲ್ಲಿ ಹುಟ್ಟುವ ನದಿ ಮೊದಲು ನಾಸಿಕ್ ಬಳಿಯ ಗಂಗಾಪುರ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಪೈಠಣದ ಹತ್ತಿರ ಜಾಯಕವಾಡಿ. 1976ರಲ್ಲಿ ಉದ್ಘಾಟನೆಯಾದ ಈ ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 102 ಟಿಎಂಸಿ. ಸಂಭಾಜಿನಗರದ ಕುಡಿಯುವ ನೀರು ಬರುವುದು ಇಲ್ಲಿಂದಲೇ. ಮಳೆ ಕೈಕೊಟ್ಟ ವರ್ಷ ಮೇಲಿನವರು ನೀರು ಹಿಡಿದಿಟ್ಟುಕೊಂಡರು ಎಂದು ಕೆಳಗಿನವರ ದೂರು. ಜಾಯಕವಾಡಿಯ ಬಳಕೆಯ ನೀರು ಶೇ 65ಕ್ಕಿಂತ ಕೆಳಗಿದ್ದರೆ ನಾಸಿಕ್ ಮತ್ತು ಆಗಿನ ಅಹಮದ್‌ನಗರದ ಅಣೆಕಟ್ಟುಗಳಿಂದ ನೀರು ಬಿಡಬೇಕು ಎಂಬುದು 2014ರಲ್ಲಿ ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಕೊಟ್ಟ ಆದೇಶದ ಸಾರ. 2023ರ ಅಕ್ಟೋಬರ್ ಕೊನೆಗೆ 8.6 ಟಿಎಂಸಿ ಬಿಡುವಂತೆ ಆದೇಶವಾದಾಗ ಎರಡೂ ಕಡೆ ಜನ ಬೀದಿಗಿಳಿದರು.

ಇಂಥ ಜಗಳದಲ್ಲಿ ಅರ್ಧ ನೀರಿನದು, ಇನ್ನರ್ಧ ಲೆಕ್ಕದ್ದು. ಎಷ್ಟು ಬಿಟ್ಟರು, ದಾರಿಯಲ್ಲಿ ಎಷ್ಟು ಇಂಗಿತು, ಎಷ್ಟನ್ನು ಪಂಪು ಎತ್ತಿಕೊಂಡಿತು, ಕೊನೆಗೆ ಮುಟ್ಟಿದ್ದೆಷ್ಟು? ದೊಡ್ಡ ಅಣೆಕಟ್ಟಿನಲ್ಲಿ ಅಳೆಯುವ ವ್ಯವಸ್ಥೆ ಇದ್ದೇ ಇರುತ್ತದೆ. ಕಾಲುವೆ, ಹಳ್ಳ, ಬಾವಿ, ಹೊಲಗಳ ಮಟ್ಟದಲ್ಲಿ ಅಳೆಯುವುದು ಕಷ್ಟ. ಅಲ್ಲಿ ಕರೆಂಟಿಲ್ಲ. ಸಾವಿರಾರು ಮೀಟರಿಗೆ ಒಂದೊಂದು ಸಿಮ್ ಹಾಕಿದರೆ ಬ್ಯಾಟರಿಗೂ ಭಾರ, ತಿಂಗಳ ಬಿಲ್ಲಿಗೂ ಭಾರ.

ಈ ತಿಂಗಳ ವಿಷಯ ಬರುವುದು ಇಲ್ಲಿಗೇ. ಲೋರಾ ಎಂಬ ರೇಡಿಯೊ ತಂತ್ರ ಇಂಥ ಜಾಗಕ್ಕೆಂದೇ ಹುಟ್ಟಿದ್ದು. ಫ್ರಾನ್ಸಿನ ಗ್ರೆನೋಬ್ಲ್‌ನ ಸೈಕ್ಲಿಯೊ ಎಂಬ ಸಣ್ಣ ಕಂಪನಿ ಇದನ್ನು ರೂಪಿಸಿತು. 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಅದನ್ನು ಕೊಂಡುಕೊಂಡಿತು. ಇದರ ಮೇಲೆ ಕಟ್ಟಿದ ಜಾಲದ ನಿಯಮಗಳಿಗೆ ಲೋರಾವ್ಯಾನ್ ಎಂದು ಹೆಸರು.

ಇದರ ಗುಟ್ಟು ಸರಳ. ಗದ್ದಲದ ಸಂತೆಯಲ್ಲಿ ಯಾರೋ ಮಾತಾಡಿದರೆ ಕೇಳಿಸದು. ಆದರೆ ಕೆಳಸ್ವರದಿಂದ ಮೇಲಕ್ಕೆ ಏರುತ್ತಾ ಹೋಗುವ ಸೀಟಿಯನ್ನು ಕಿವಿ ಗುರುತಿಸುತ್ತದೆ. ಲೋರಾ ತನ್ನ ಮಾತನ್ನು ಹೀಗೆ ಏರಿಳಿಯುವ ಸೀಟಿಗಳಲ್ಲಿ ಕಳಿಸುತ್ತದೆ. ಸಂಕೇತ ಸುತ್ತಲಿನ ಗದ್ದಲಕ್ಕಿಂತ ಕ್ಷೀಣವಾಗಿದ್ದರೂ ಗೇಟ್‌ವೇ ಅದನ್ನು ಹೆಕ್ಕಿ ತೆಗೆಯಬಲ್ಲದು. ಊರೊಳಗೆ ಎರಡು ಮೂರು ಕಿಲೋಮೀಟರ್, ಬಯಲಿನಲ್ಲಿ ಹತ್ತಕ್ಕೂ ಹೆಚ್ಚು ಕಿಲೋಮೀಟರ್ ಮುಟ್ಟುತ್ತದೆ. ಬೆಲೆ ತೆರಬೇಕಾದದ್ದು ವೇಗದಲ್ಲಿ: ಅತಿ ದೂರಕ್ಕೆ ಕಳಿಸುವಾಗ ಸೆಕೆಂಡಿಗೆ ಸುಮಾರು 250 ಬಿಟ್ ಮಾತ್ರ. ಫೋಟೊ ಹೋಗದು, ದನಿ ಹೋಗದು. ‘ನೀರಿನ ಮಟ್ಟ ಇಷ್ಟು, ಬ್ಯಾಟರಿ ಇಷ್ಟು’ ಎಂಬಷ್ಟು ಹೋಗುತ್ತದೆ, ಬೇಕಾದದ್ದೂ ಅಷ್ಟೇ. ಹೇಳಿ ಮುಗಿಸಿದ ಮೇಲೆ ಸಾಧನ ನಿದ್ದೆಗೆ ಜಾರುತ್ತದೆ. ಹಾಗಾಗಿ ಒಂದು ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ.

ನಾಸಿಕ್‌ನ ದ್ರಾಕ್ಷಿ ತೋಟಕ್ಕೆ ಇದರಿಂದೇನು? ವಿಜಯಪುರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು: ಅಕ್ಟೋಬರ್ ಚಾಟ್ನಿಯಾದ ಮೇಲೆ ಮಳೆ ಬಂದರೆ ಡೌನಿ ರೋಗದ ಭಯ, ಭಯಕ್ಕೆ ಔಷಧಿ ಸಿಂಪಡಣೆ. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂದು ಸೆನ್ಸರ್ ಹೇಳಿದರೆ ಭಯದ ಬದಲು ಅಂದಾಜಿನ ಮೇಲೆ ಸಿಂಪಡಿಸಬಹುದು. ಬೇರಿನ ತೇವ ಗೊತ್ತಾದರೆ ಡ್ರಿಪ್ ಅಷ್ಟೇ ಹೊತ್ತು ಬಿಡಬಹುದು. ದ್ರಾಕ್ಷಿ ರೈತರಿಗೆ ಇಂಥ ಸೆನ್ಸರ್ ಕೊಡುವ ಕಂಪನಿಗಳಲ್ಲಿ ಬೆಂಗಳೂರಿನ ಫಸಲ್, ಫೈಲೋ ಇವೆ. ಹೀಗೆ ಮೇಲೆ ಉಳಿದ ನೀರು ತಾನಾಗಿ ಪೈಠಣಕ್ಕೆ ಹೋಗುವುದಿಲ್ಲ, ಇನ್ನೊಂದು ಎಕರೆಗೆ ಹೋಗಬಹುದು. ಅದಕ್ಕೇ ಹೊಲದ ಸೆನ್ಸರ್ ಇದ್ದರಷ್ಟೇ ಸಾಲದು. ಹೊಳೆಯ ಲೆಕ್ಕವೂ ಎಲ್ಲರಿಗೂ ಕಾಣಬೇಕು.

ಇತಿಮಿತಿಗಳನ್ನೂ ಹೇಳಿಬಿಡುವೆ. ಭಾರತದಲ್ಲಿ ಲೋರಾ ಓಡುವುದು ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ. 2005ರಲ್ಲಿ 867ರವರೆಗೆ ಮುಕ್ತವಾಗಿತ್ತು, 2021ರಲ್ಲಿ 868ಕ್ಕೆ ಹಿಗ್ಗಿತು. ಬಾಡಿಗೆಯಿಲ್ಲದ ರಸ್ತೆ, ಹಾಗೆಯೇ ಯಾರೂ ಜವಾಬ್ದಾರರಲ್ಲದ ರಸ್ತೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಒಂದು ಸಂದೇಶ ಕಳೆದುಹೋಗಬಹುದು. ದೂರದ ಸಾಧನ ಒಂದು ಸಂದೇಶಕ್ಕೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಗಾಳಿಯನ್ನು ಹಿಡಿದಿಡುತ್ತದೆ. ಬ್ಯಾಟರಿ ಉಳಿಸುವ ಸಾಧನ ತಾನು ಮಾತಾಡಿದ ಮೇಲಷ್ಟೇ ಒಂದೆರಡು ಕ್ಷಣ ಕಿವಿಗೊಡುತ್ತದೆ. ಆದ್ದರಿಂದ ಕಾಲುವೆಯ ಮಟ್ಟ ತಿಳಿಯಲು ಇದು ಸರಿ, ತೂಬನ್ನು ಥಟ್ಟನೆ ಮುಚ್ಚಿಸಲು ಅಲ್ಲ.

ನಾಳೆ ನಿಮ್ಮ ಅಪಾರ್ಟ್‌ಮೆಂಟಿನ ನೀರಿನ ಮೀಟರಿಗೋ, ಊರಿನ ಹೊಲಕ್ಕೋ ಇಂಥದ್ದನ್ನು ಮಾರಲು ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಿ. ಗೇಟ್‌ವೇ ಕೆಟ್ಟರೆ ಅಳತೆಗಳನ್ನು ಸಾಧನ ನೆನಪಿಟ್ಟುಕೊಳ್ಳುತ್ತದೆಯೇ? ಸೆನ್ಸರ್ ಸರಿಯಾಗಿ ಅಳೆಯುತ್ತಿದೆ ಎಂದು ವರ್ಷಕ್ಕೊಮ್ಮೆ ನೋಡುವವರು ಯಾರು? ಕಂಪನಿ ಬಾಗಿಲು ಹಾಕಿದರೆ ಅಂಕಿಗಳು ನಮ್ಮ ಕೈಯಲ್ಲಿ ಇರುತ್ತವೆಯೇ?

ಮೂರನೆಯದೇ ನನಗೆ ಮುಖ್ಯ. ಒಂದು ಜಿಲ್ಲೆಯ ಅಂಕಿಯನ್ನು ಇನ್ನೊಂದು ಜಿಲ್ಲೆ ನಂಬದಿದ್ದರೆ ಎಷ್ಟು ಸೆನ್ಸರ್ ನೆಟ್ಟರೂ ಜಗಳ ಮುಗಿಯದು. ನಾಸಿಕ್‌ನವರ ಮೊಬೈಲಿನಲ್ಲಿ ಕಾಣುವ ಸಂಖ್ಯೆಯೇ ಪೈಠಣದವರ ಮೊಬೈಲಿನಲ್ಲೂ ಅದೇ ಹೊತ್ತಿಗೆ ಕಾಣಬೇಕು. ಅದಕ್ಕೆ ಬೇಕಾದ ರೇಡಿಯೊ ಅಗ್ಗವಾಗಿದೆ. ಕೃಷ್ಣೆ, ಕಾವೇರಿ, ಮಹದಾಯಿಗಳ ದಂಡೆಯ ನಮಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.